ಮೂಲಾ ನಕ್ಷತ್ರಕ್ಕೆ ಮೂರು ಹಾರ್ನ್

ಚಿಕ್ಕೋಡಿ ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ನೌಕರಿ ಮಾಡಿ ಶಿರಸ್ತೇದಾರನಾಗಿ ನಿವೃತ್ತನಾದ ಮುರಗೆಪ್ಪ ಎಂಬ ನಾನು ಜೀವಮಾನದಲ್ಲಿ ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಚರಂಡಿಗೆ ಬರೆದಿದ್ದೇನೆ, ಬೀದಿದೀಪಕ್ಕೆ ಬರೆದಿದ್ದೇನೆ, ಬಸ್ಸು ನಿಲ್ಲಿಸದ ಡ್ರೈವರನ ಮೇಲೆ ಬರೆದಿದ್ದೇನೆ, ಊರಿನ ಹಂದಿಗಳ ಬಗ್ಗೆ ನಾಲ್ಕು ಪುಟ ಬರೆದಿದ್ದೇನೆ. ಒಂದಕ್ಕೂ ಉತ್ತರ ಬಂದದ್ದಿಲ್ಲ. ಕೊನೆಗೆ ಒಂದೇ ಒಂದು ಅರ್ಜಿ ಫಲ ಕೊಟ್ಟಿತು. ಅದು ಹೋಗಿ ನನ್ನ ಅಳಿಯನ ನೌಕರಿಯ ಮೇಲೆಯೇ ಕೂತಿತು.

ಮನೆಯ ವಿಷಯ ಮೊದಲು ಹೇಳಬೇಕು. ನಿವೃತ್ತಿಯಾದ ಮೇಲೆ ರಾಯಬಾಗ ಸ್ಟೇಷನ್ನಿನ ಈಚೆ, ಯಾರದೋ ಕಬ್ಬಿನ ಹೊಲ ಒಡೆದು ಮಾಡಿದ ಪ್ಲಾಟಿನಲ್ಲಿ ಮನೆ ಕಟ್ಟಿಸಿದೆ. ಗಾಳಿ ಚೆನ್ನ, ನೀರು ಚೆನ್ನ, ಹಿತ್ತಲ ಗೋಡೆಯಿಂದ ರೈಲು ಹಳಿಗೆ ನೂರಾ ಇಪ್ಪತ್ತು ಹೆಜ್ಜೆ. ನಾನೇ ಅಳೆದಿದ್ದೇನೆ. ಗೃಹಪ್ರವೇಶದ ದಿನ ಪಂಕ್ತಿ ಕೂತಿರುವಾಗಲೇ ಒಂದು ಗೂಡ್ಸ್ ಗಾಡಿ ಕೂಗಿಕೊಂಡು ಹೋಯಿತು. ತಟ್ಟೆಯ ಮೇಲಿನ ಹಪ್ಪಳ ನಡುಗಿತು. ನನ್ನ ಹೆಂಡತಿ ಕಸ್ತೂರೆವ್ವ ಬೀಗರೆಲ್ಲರ ಎದುರಿಗೇ ಹೇಳಿದಳು:

“ಹಳಿ ಬಾಜೂಕ ಮನಿ ಕಟ್ಟಿ ಮ್ಯಾಲ ‘ಶಾಂತಿ ನಿವಾಸ’ ಅಂತ ಹೆಸರ ಬರಿಸ್ಯಾರ ನೋಡ್ರಿ, ನಮ್ಮನಿಯವ್ರು.”

ಆದರೂ ಗೇಟಿನ ಹಾರ್ನ್ ಬಗ್ಗೆ ನನಗೆ ತಕರಾರಿರಲಿಲ್ಲ, ಇಂದಿಗೂ ಇಲ್ಲ. ರೈಲ್ವೆ ಗೇಟು ಬರುವ ಮುಂಚೆ ಹಾರ್ನ್ ಹಾಕಬೇಕು ಎಂದು ಹಳಿಯ ಪಕ್ಕ ಬೋರ್ಡೇ ನಿಲ್ಲಿಸಿದ್ದಾರೆ. ನಿಯಮ ಅಂದರೆ ನಿಯಮ. ಮೂರು ತಿಂಗಳಲ್ಲಿ ನನಗೆ ಅದು ರೂಢಿಯಾಯಿತು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಮಗಳು ಪ್ರಾಜಕ್ತಾ ಚೊಚ್ಚಲ ಹೆರಿಗೆಗೆ ಬಂದಳು. ಅವಳ ಗಂಡ ಸಿದ್ದಲಿಂಗ ಗೂಡ್ಸ್ ಗಾಡಿಯ ಲೋಕೋ ಪೈಲಟ್. ಹುಬ್ಬಳ್ಳಿಯಲ್ಲಿ ಕ್ವಾರ್ಟರ್ಸು, ವಾರದಲ್ಲಿ ನಾಲ್ಕು ದಿನವಾದರೂ ಮಿರಜದ ಕಡೆ ಗಾಡಿ ತರುತ್ತಾನೆ, ಒಯ್ಯುತ್ತಾನೆ. ಮಾತು ಬಹಳ ಕಡಿಮೆ. ಹಬ್ಬಕ್ಕೆ ಬಂದರೆ “ಸಾಕ್ರಿ ಮಾಮಾರ” ಎನ್ನುವುದೊಂದೇ ಅವನ ಬಾಯಿಂದ ಹೊರಡುವ ವಾಕ್ಯ. ಇಷ್ಟು ಸದ್ದಿಲ್ಲದ ಮನುಷ್ಯ ಅಷ್ಟು ಸದ್ದಿನ ಉದ್ಯೋಗ ಮಾಡುತ್ತಾನೆ ಎಂದರೆ ನಮ್ಮ ಬಳಗದಲ್ಲಿ ಯಾರೂ ನಂಬುತ್ತಿರಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ವೇಳೆ ಬರೆದುಕೊಂಡು ನಾನು ಪಾಲಬಾವಿಯ ಪಂಚಾಂಗದ ಅಯ್ಯನವರಿಗೆ ಫೋನ್ ಮಾಡಿದೆ. ಮೂಲಾ ನಕ್ಷತ್ರ, ಒಂದನೆಯ ಪಾದ, ತಂದೆಗೆ ಕಂಟಕ ಎಂದರು ಅವರು. ಇಪ್ಪತ್ತೇಳನೆಯ ದಿನ ಅದೇ ನಕ್ಷತ್ರ ತಿರುಗಿ ಬರುತ್ತದೆ. ಅವತ್ತು ಶಾಂತಿ ಮಾಡಿಸಿ, ತಂದೆಯಾದವನು ಕೂಸಿನ ಮುಖವನ್ನು ಮೊದಲು ಎಣ್ಣೆಯಲ್ಲಿ ನೋಡಿ, ಆಮೇಲೆ ನೇರ ನೋಡಬೇಕು. ಅಲ್ಲಿಯವರೆಗೆ ಮುಖ ನೋಡದಿದ್ದರೆ ಒಳ್ಳೆಯದು. ಇಷ್ಟನ್ನೂ ನಾನು ಕಾಗದದ ಮೇಲೆ ಇಳಿಸಿಕೊಂಡೆ. ಇಳಿಸಿಕೊಂಡ ಮೇಲೆ ಅದು ನನಗೆ ಆದೇಶವಾಯಿತು.

ಸಿದ್ದಲಿಂಗ ಡ್ಯೂಟಿ ಮುಗಿಸಿದವನು ಬಟ್ಟೆಯನ್ನೂ ಬದಲಿಸದೆ, ಪೇಢೆಯ ಡಬ್ಬಿ ಹಿಡಿದು ಚಿಕ್ಕೋಡಿಯ ದವಾಖಾನೆಗೆ ಓಡಿ ಬಂದ. ವಾರ್ಡಿನ ಬಾಗಿಲಿಗೆ ನಾನು ಅಡ್ಡ ನಿಂತೆ.

“ಮುಖಾ ನೋಡೂಹಂಗಿಲ್ರಿ, ಅಳಿಯಂದ್ರ. ಇಪ್ಪತ್ತೇಳ ದಿನ.”

“ದೂರಿಂದರ ನೋಡ್ಲೇನ್ರಿ?”

“ದೂರಿಂದನೂ ಇಲ್ಲ.”

“ಮೊಬೈಲ್ದಾಗ ಫೋಟೋ, ಮಾಮಾರ?”

ನಾನು ಒಂದು ಕ್ಷಣ ವಿಚಾರ ಮಾಡಿದೆ. ಫೋಟೋದಲ್ಲಿ ಇರುವುದೂ ಮುಖವೇ. “ಫೋಟೋನೂ ಇಲ್ಲ, ವಿಡಿಯೋನೂ ಇಲ್ಲ.”

“ಮತ್ತ ದನಿ?”

“ದನಿಗೆ ಅಡ್ಡಿಲ್ಲ,” ಎಂದೆ, ತೀರ್ಪು ಓದುವ ಧಾಟಿಯಲ್ಲಿ. “ಶಾಸ್ತ್ರದಾಗ ಮುಖಾ ಅಂತ ಐತಿ, ದನಿ ಅಂತ ಇಲ್ಲ.”

ಅವನು ಬಾಗಿಲ ಆಚೆ ಹತ್ತು ನಿಮಿಷ ನಿಂತು, ಒಳಗೆ ಕೂಸು ಅಳುವುದನ್ನು ಕೇಳಿದ. ಆಮೇಲೆ ಪೇಢೆಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೊರಟುಹೋದ. ಆ ಪೇಢೆಗಳನ್ನು ನಾನೇ ದವಾಖಾನೆಯ ತುಂಬ ಹಂಚಿದೆ, ಬಹಳ ದೊಡ್ಡ ಮನಸ್ಸಿನವನ ಹಾಗೆ.

ಇಪ್ಪತ್ತಾರನೆಯ ದಿನ ಅಯ್ಯನವರು ಬಚ್ಚಲಲ್ಲಿ ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡರು. ಬೇರೆ ಯಾರನ್ನಾದರೂ ಕರೆಸಿ ಮುಗಿಸಿಬಿಡೋಣ ಎಂದಳು ಕಸ್ತೂರೆವ್ವ. ನಾನು ಒಪ್ಪಲಿಲ್ಲ. ನೋಟಿಸು ಕೊಟ್ಟ ಕೋರ್ಟೇ ತೀರ್ಪು ಕೊಡಬೇಕು. ಪ್ರಕರಣ ಅಲ್ಲಿಂದ ಇಲ್ಲಿಗೆ ಎತ್ತಿ ಹಾಕಲು ಬರುವುದಿಲ್ಲ. ನಕ್ಷತ್ರ ಇನ್ನೊಂದು ಸುತ್ತು ಬರಲಿ, ಐವತ್ನಾಲ್ಕನೆಯ ದಿನ ಮಾಡೋಣ ಎಂದು ಮುಂದಿನ ತಾರೀಖು ಕೊಟ್ಟೆ. ಕೋರ್ಟಿನಲ್ಲಿ ಬೆಳೆದವನಿಗೆ ಮುಂದಿನ ತಾರೀಖು ಕೊಡುವುದೆಂದರೆ ಎಲೆ ಅಡಿಕೆ ಕೊಟ್ಟಷ್ಟು ಸುಲಭ.

ಅದಾದ ಎರಡನೆಯ ರಾತ್ರಿಯಿಂದ ಹಾರ್ನ್ ಶುರುವಾಯಿತು.

ಗೇಟಿನ ಹಾರ್ನ್ ಅಲ್ಲ. ಅದು ಮೊದಲಿನಂತೆ ಒಂದು, ಉದ್ದ, ಕಾಯ್ದೆಬದ್ಧ. ಗೇಟು ದಾಟಿ ಗಾಡಿ ನಮ್ಮ ಹಿತ್ತಲ ನೇರಕ್ಕೆ ಬಂತೆಂದರೆ ಮತ್ತೆ ಮೂರು: ಪೋಂ, ಪೋಂ, ಪೋಂ. ಅಲ್ಲಿ ಗೇಟಿಲ್ಲ, ತಿರುವಿಲ್ಲ, ದನ ಮೇಯುವ ಹೊತ್ತಲ್ಲ. ಅದಾದರೂ ದಿನಾ ಬಂದೀತೇ? ಇಲ್ಲ. ಸೋಮವಾರ ಒಂದೂ ಹತ್ತಕ್ಕೆ, ಬುಧವಾರ ಮೂರೂವರೆಗೆ, ಆಮೇಲೆ ಎರಡು ದಿನ ಸುಮ್ಮನೆ, ಶನಿವಾರ ಹನ್ನೆರಡಕ್ಕೆ. ದಿನಾ ಬಂದರೆ ಸಾವಿಗೂ ರೂಢಿಯಾದೀತು, ಇದಕ್ಕೆ ಹೇಗೆ ರೂಢಿಯಾಗಬೇಕು? ನಾನು ಇನ್ನೂರು ಪುಟದ ನೋಟುಬುಕ್ಕು ತಂದು ಗೆರೆ ಎಳೆದೆ. ದಿನಾಂಕ, ವೇಳೆ, ಯಾವ ದಿಕ್ಕು, ಹಾರ್ನ್ ಸಂಖ್ಯೆ, ಷರಾ. ಷರಾ ಕಾಲಮ್ಮಿನಲ್ಲಿ ‘ಅರ್ಜಿದಾರನ ಎದೆ ಬಡಿತ ಹೆಚ್ಚಾಗಿದೆ’ ಎಂದೂ ಒಮ್ಮೆ ಬರೆದಿದ್ದೇನೆ.

ಪ್ಲಾಟಿನವರೆಲ್ಲ ಬೇಸತ್ತಿದ್ದರು. ಎದುರು ಮನೆಯ ಅಣ್ಣಾಸಾಬರು, ಅಥಣಿಯ ಕಡೆ ದ್ರಾಕ್ಷಿ ತೋಟ ಇದ್ದವರು, ಬಿಪಿ ಗುಳಿಗೆಯ ಚೀಟಿ ತಂದು ತೋರಿಸಿದರು. “ಝೋಪಚ ನಾಹೀ ಹೋ, ನಿದ್ದೀನ ಇಲ್ಲ ಮುರಗೆಪ್ಪ! ಕಣ್ಣ ಹತ್ತೂದ ತಡಾ, ಪೋಂ ಅಂತೈತಿ.” ಪಕ್ಕದ ಮನೆಯ ನೀಲಮ ನರ್ಸು, ಡ್ಯೂಟಿ ಮುಗಿಸಿ ಬಂದು ಮಲಗಿದರೆ ಹಾರ್ನ್. ಅವಳ ಗಂಡ ವಿಕ್ರಾಂತ ಸರಕಾರಿ ನೌಕರ, ಮೊಬೈಲಿನಲ್ಲಿ ಪಳಗಿದ ಹುಡುಗ. ನಾನು ಬರೆದ ಅರ್ಜಿಗೆ ನಲವತ್ತೊಂದು ಸಹಿ ಬಿದ್ದವು. ಅಂಚೆಗೆ ಹಾಕಲು ಹೊರಟವನನ್ನು ವಿಕ್ರಾಂತನೇ ತಡೆದ.

“ಕಾಕಾರ, ಟಪಾಲಿಗೆ ಹಾಕಿದ್ರ ನಮ್ಮ ಮೊಮ್ಮಕ್ಕಳ ಕಾಲಕ್ಕ ಮುಟ್ಟತೈತಿ. ಇಲ್ಲಿ ಕೊಡ್ರಿ.”

ಅವನು ಪುಟಗಳ ಫೋಟೋ ಹೊಡೆದು, ನೋಟುಬುಕ್ಕಿನ ಹಾಳೆಗಳ ಸಮೇತ ರೈಲ್ವೆಯವರಿಗೆ ಕಳಿಸಿಬಿಟ್ಟ. ಮೂರನೆಯ ದಿನ ನನಗೇ ಫೋನ್ ಬಂತು. “ಅರ್ಜಿದಾರ ಮುರಗೆಪ್ಪನವರೇನ್ರಿ? ನೀವು ವೇಳೆ ಸಮೇತ ಬರದದ್ದು ಭಾಳ ಚಲೋ ಆತು. ಆ ಎಲ್ಲಾ ಗಾಡಿಗೂ ಡ್ರೈವರ ಒಬ್ಬಾಂವನ ಅದಾನ. ವಿಚಾರಣೆಗೆ ನಮ್ಮ ಇನ್ಸ್‌ಪೆಕ್ಟರ್ ಬರ್ತಾರ.”

ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ನನಗೆ ಇಂಥ ಸಂತೋಷ ಆಗಿರಲಿಲ್ಲ. ಜಿಲೇಬಿ ತಂದೆ. ಬಾಣಂತಿ ಕೋಣೆಯ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಅರ್ಜಿಯನ್ನು ಮೊದಲಿನಿಂದ ಓದಿದೆ. ‘ಸದರಿ ಡ್ರೈವರನು ಕರ್ತವ್ಯದಲ್ಲಿ ಇರಲು ಯೋಗ್ಯನೇ ಎಂಬುದನ್ನು ತಾವೇ ಪರಾಂಬರಿಸಬೇಕಾಗಿ ವಿನಂತಿ’ ಎನ್ನುವಲ್ಲಿ ದನಿ ಎತ್ತರಿಸಿದೆ. ತಲೆ ಎತ್ತಿ ನೋಡಿದರೆ ಪ್ರಾಜಕ್ತಾಳ ಕಣ್ಣಲ್ಲಿ ನೀರು. ಕಸ್ತೂರೆವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಓದಿದ್ದು ಮುಗೀತೇನ್ರಿ?”

“ಮುಗೀತು. ಯಾಕ?”

“ಆ ಸದರಿ ಡ್ರೈವರ ನಿಮ್ಮ ಅಳಿಯಾರಿ.”

ಜಿಲೇಬಿ ಕೈಯಲ್ಲೇ ಉಳಿಯಿತು. ಈ ಮನೆಯಲ್ಲಿ ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ನನ್ನ ಯಾವ ಅರ್ಜಿಗೂ ಉತ್ತರ ಬಂದದ್ದಿಲ್ಲ, ಇದೂ ಹಾಗೇ ಹೋದೀತು ಎಂದುಕೊಂಡಿದ್ದರು. ಮಿರಜದಿಂದ ಹೊರಡುವ ಮುಂಚೆ ಅವನು ಒಂದು ಮೆಸೇಜು ಹಾಕುತ್ತಾನೆ. ಪ್ರಾಜಕ್ತಾ ಹಿಂದಿನ ಕೋಣೆಯ ಲೈಟು ಹಚ್ಚಿ ಕೂಸನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಲ್ಲುತ್ತಾಳೆ. ಅವನಿಗೆ ಲೈಟು ಕಾಣುತ್ತದೆ, ಕೂಸು ಕಾಣುವುದಿಲ್ಲ. ಲೈಟು ಕಂಡ ಕೂಡಲೆ ಮೂರು ಹಾರ್ನ್. ಆ ಲೈಟನ್ನು ನಾನೇ ಎದ್ದು ಹೋಗಿ ಎರಡು ಸಲ ಆರಿಸಿ, ಕರೆಂಟ್ ಬಿಲ್ಲಿನ ಬಗ್ಗೆ ಬೈದಿದ್ದೆ.

“ಮಾತಾಡೂದಿದ್ರ ಫೋನ್ ಇಲ್ಲೇನ?” ಎಂದೆ.

“ಫೋನ್ದಾಗ ಅವ್ರು ಏನ್ ಮಾತಾಡ್ತಾರಪ್ಪಾ? ನಿನಗ ಗೊತ್ತಿಲ್ಲೇನ ಅವ್ರ ಮಾತು?” ಪ್ರಾಜಕ್ತಾ ಮೂಗು ಒರೆಸಿಕೊಂಡಳು. “ಹಲೋ ಅಂತಾರ, ಸುಮ್ನಾಗ್ತಾರ. ಇದು ಹಂಗಲ್ಲ. ನೂರ ಹೆಜ್ಜಿ ಮ್ಯಾಲ ಬಂದ ಹೋಗ್ತಾರ. ಇಕಿ ಹಾರ್ನ್ ಕೇಳಿ ಕಣ್ಣ ಬಿಡ್ತಾಳ. ಮತ್ತ ನೀನ ಹೇಳಿದ್ದೆಲ್ಲ, ದನಿಗೆ ಅಡ್ಡಿಲ್ಲ ಅಂತ?”

ನನ್ನ ತೀರ್ಪು ನನ್ನ ಹಣೆಗೇ ಬಂದು ಬಡಿಯಿತು. ಎದ್ದು ಸೀದಾ ವಿಕ್ರಾಂತನ ಮನೆಗೆ ಹೋಗಿ, ಅರ್ಜಿ ತಿರುಗಿ ತೆಗೆದುಕೊಳ್ಳಬೇಕು ಎಂದೆ. ಅವನು ಬಹಳ ಹೊತ್ತು ಮೊಬೈಲು ತಿಕ್ಕಿದ. “ಕಾಕಾರ, ತಕ್ರಾರ ಹಾಕಾಕ ಬಟನ್ ಐತ್ರಿ. ತಗೊಳ್ಳಾಕ ಇಲ್ಲ.” ಯಾಕೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಲು ನಾಚಿಕೆಯಾಯಿತು.

ಎರಡು ದಿನ ಬಿಟ್ಟು ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಐವತ್ತರ ಆಸುಪಾಸಿನ ಮನುಷ್ಯ, ಕಂಕುಳಲ್ಲಿ ಒಂದು ಫೈಲು. ನಮ್ಮ ಪಡಸಾಲೆಯಲ್ಲಿ ಅಣ್ಣಾಸಾಬರು, ವಿಕ್ರಾಂತ, ನೀಲಮ ಎಲ್ಲ ಬಂದು ಕೂತರು, ಸಿನಿಮಾಕ್ಕೆ ಬಂದಂತೆ. ಅಡುಗೆಮನೆಯ ಬಾಗಿಲಲ್ಲಿ ಪ್ರಾಜಕ್ತಾ ಕೂಸಿನ ಸಮೇತ ನಿಂತಿದ್ದಳು. ಸಾಹೇಬರು ಚಹಾ ಕುಡಿದು, ನನ್ನ ನೋಟುಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತಿರುವಿ, ನನ್ನ ಮುಖ ನೋಡಿದರು.

“ಆ ಹುಡುಗ ಏಳ ವರ್ಷದಾಗ ಒಂದೂ ತಪ್ಪ ಮಾಡಿಲ್ರಿ. ಕೇಳಿದ್ರ ಬಾಯಿನ ಬಿಡವಲ್ಲ. ಹಾಕೀನ್ರಿ ಅಂತಾನ, ಯಾಕ ಅಂದ್ರ ಸುಮ್ನ ನಿಂದರ್ತಾನ. ಈಗ ನೀವು ಹೇಳ್ರಿ. ನಿದ್ದಿಗಣ್ಣಾಗ ನಿಮಗ ತಪ್ಪ ಕೇಳಿರಬಹುದಲ್ಲ? ಒಂದ ಹಾರ್ನ್ ಮೂರ ಆಗಿ ಕೇಳಿರಬಹುದು?”

ಬಾಗಿಲು ತೆರೆದೇ ಇಟ್ಟಿದ್ದರು ಪುಣ್ಯಾತ್ಮರು. ಹೂಂ ಎಂದರೆ ಮುಗಿಯುತ್ತಿತ್ತು. ಮುದುಕ, ಕಿವಿ ಮಂದ, ತಪ್ಪು ಕೇಳಿದ. ಆದರೆ ನಲವತ್ತೊಂದು ಜನರ ಕಿವಿಯನ್ನೂ ಕಿವುಡು ಎನ್ನಬೇಕಾಗುತ್ತಿತ್ತು, ಅದರಲ್ಲಿ ನಿದ್ದೆಗೆಟ್ಟ ನೀಲಮ ನನ್ನೆದುರಿಗೇ ಕೂತಿದ್ದಳು. ನಿಜ ಹೇಳಿದರೆ ಅಳಿಯನ ನೌಕರಿ. ಅವನು ನನ್ನ ಮರ್ಯಾದೆಗೆ ಬಾಯಿ ಬಿಡದೆ ನಿಂತಿದ್ದಾನೆ ಎಂಬುದು ನನಗೆ ಆಗ ತಿಳಿಯಿತು. ಮಾವನ ಹೆಸರು ಹೇಳಿದ್ದರೆ ಅವನು ಎಂದೋ ಪಾರಾಗುತ್ತಿದ್ದ.

“ಹಾರ್ನ್ ಮೂರ ಹೌದ್ರಿ,” ಎಂದೆ. “ನನ್ನ ಬುಕ್ಕಿನ್ಯಾಗ ಸುಳ್ಳಿಲ್ಲ. ಆದ್ರ ಅರ್ಧಾ ಬರದೀನಿ, ಉಳಿದರ್ಧಾ ಈಗ ಬರಕೊಳ್ರಿ. ಆ ಡ್ರೈವರ ನನ್ನ ಅಳಿಯಾ. ಹಾರ್ನ್ ಹಾಕಿದಾಂವ ಅಂವ, ಹಾಕಿಸಿದಾಂವ ನಾನು.”

ಮೂಲಾ ನಕ್ಷತ್ರದಿಂದ ಹಿಡಿದು ಅಯ್ಯನವರ ಪ್ಲಾಸ್ಟರಿನವರೆಗೆ ಎಲ್ಲ ಹೇಳಿದೆ. ಅಣ್ಣಾಸಾಬರು ಮೊದಲು ಬಾಯಿ ತೆರೆದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ ನಿಮ್ಮ! ಅಳಿಯನ ಜಗಳಕ್ಕ ನಂದ್ಯಾಕ ಸಹಿ ತಗೊಂಡ್ರಿ?” ನೀಲಮ ನಗಲಿಲ್ಲ.

“ಕಾಕಾರ, ಕೂಸಿಗೆ ಐವತ್ತ ದಿನ ಆಗಾಕ ಬಂತು. ಅಪ್ಪ ಇನ್ನೂ ಮುಖಾ ನೋಡಿಲ್ಲ?” ಎಂದಳು. “ನನ್ನ ನಿದ್ದಿ ಹೋದ್ರ ಹೋಗ್ಲಿ. ನಿಮಗ ನಿದ್ದಿ ಹೆಂಗ ಬರ್ತಿತ್ರಿ?”

ಜಡ್ಜ್ ಸಾಹೇಬರುಗಳಿಂದ ಬೈಸಿಕೊಂಡು ಅರಗಿಸಿಕೊಂಡವನು ನಾನು. ಈ ಹುಡುಗಿಯ ಒಂದು ಮಾತು ಅರಗಲಿಲ್ಲ.

ಸಾಹೇಬರು ಫೈಲು ಮುಚ್ಚಿದರು. ಸದ್ಯ ತಾಕೀತು ಮಾಡಿ ಬಿಡುತ್ತೇನೆ ಎಂದರು. “ಆದ್ರ ಇನ್ನೊಂದ ಸಲ ಆತಂದ್ರ ನನ್ನ ಕೈಯಾಗ ಇರೂದಿಲ್ರಿ. ಗಾಡಿ ಬಿಡಿಸಿ ಮನ್ಯಾಗ ಕುಂಡ್ರಸ್ತಾರ. ತೊಂದ್ರಿ ನಿಂತೈತಿ ಅಂತ ಎಂಟ ದಿನದಾಗ ನೀವು ಬರದ ಕೊಟ್ರ ಫೈಲ್ ಕ್ಲೋಸು.”

ಮರುದಿನ ರಾತ್ರಿ ಒಂದೂವರೆಯ ಸುಮಾರಿಗೆ ಗೇಟಿನ ಹಾರ್ನ್ ಕೇಳಿ ಎಚ್ಚರವಾಯಿತು. ಒಂದು, ಉದ್ದ, ಕಾಯ್ದೆಬದ್ಧ. ಗಾಡಿ ನಮ್ಮ ಹಿತ್ತಲ ನೇರಕ್ಕೆ ಬಂತು, ಹೋಯಿತು. ಬೇರೇನೂ ಇಲ್ಲ. ಪ್ಲಾಟಿನ ಜನ ಗೊರಕೆ ಹೊಡೆಯುತ್ತಿರಬೇಕು. ನೀರು ಕುಡಿಯಲು ಎದ್ದವನು ನೋಡಿದರೆ ಹಿಂದಿನ ಕೋಣೆಯ ಲೈಟು ಉರಿಯುತ್ತಿತ್ತು. ಪ್ರಾಜಕ್ತಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಕಿಟಕಿಯ ಹತ್ತಿರ ನಿಂತಿದ್ದಳು. ಕೊನೆಯ ಡಬ್ಬಿಯ ಕೆಂಪು ದೀಪ ದೂರವಾಗುವವರೆಗೂ ನಿಂತಳು. ನನ್ನನ್ನು ನೋಡಿ, ತಪ್ಪು ಮಾಡಿದವಳ ಹಾಗೆ ಕೈ ಚಾಚಿ ಲೈಟು ಆರಿಸಿದಳು.

ನನಗೆ ನನ್ನ ಮೇಲೇ ಸಿಟ್ಟು ಬಂತು. ಮಗಳ ಕೈ ಹಿಡಿದು ಅಕ್ಷರ ತಿದ್ದಿಸಿದವನು ನಾನು. ಅವಳು ನನಗೆ ಹೆದರಿ ದೀಪ ಆರಿಸುವಂತಾಯಿತಲ್ಲ. ಹಾಸಿಗೆಯಲ್ಲಿ ಹೊರಳಾಡುತ್ತ ಕೋರ್ಟಿನ ದಾರಿಯಲ್ಲೇ ವಿಚಾರ ಮಾಡಿದೆ, ನನಗೆ ಬೇರೆ ದಾರಿ ಬರುವುದಿಲ್ಲ. ಅಂತಿಮ ತೀರ್ಪು ದೂರ ಇದ್ದು, ಅಷ್ಟರಲ್ಲಿ ಕಕ್ಷಿದಾರನಿಗೆ ಅನ್ಯಾಯ ಆಗುತ್ತಿದ್ದರೆ ಕೋರ್ಟು ಏನು ಮಾಡುತ್ತದೆ? ಮಧ್ಯಂತರ ಆದೇಶ ಕೊಡುತ್ತದೆ.

ಎರಡು ದಿನದ ಮೇಲೆ, ರವಿವಾರ, ಮಧ್ಯಾಹ್ನ ಮೂರರ ಹೊತ್ತಿಗೆ ಪ್ರಾಜಕ್ತಾಳ ಫೋನ್ ರಿಂಗಾಯಿತು. ಅವಳು ಮಾತಾಡಿ ಇಟ್ಟು, ತಾಯಿಗೆ ಮೆಲ್ಲಗೆ ಹೇಳಿದಳು: “ರಾಯಬಾಗ ಸ್ಟೇಷನ್ದಾಗ ಅವ್ರ ಗಾಡಿ ಬಾಜೂ ಹಳಿಗೆ ಹಾಕಿ ನಿಲ್ಸ್ಯಾರಂತ. ಹಿಂದಿಂದ ಎಕ್ಸ್‌ಪ್ರೆಸ್ ಬರಾಕತ್ತೈತಿ, ಅದನ್ನ ಮುಂದ ಬಿಡಾಕ. ಅರ್ಧಾ ತಾಸ ನಿಂದರಬೇಕಂತ.”

ನಾನು ಪಾಲಬಾವಿಗೆ ಫೋನ್ ಹಚ್ಚಿದೆ. ಶಾಂತಿಯ ಮುಂಚೆಯೇ ಎಣ್ಣೆಯಲ್ಲಿ ಮುಖ ತೋರಿಸಲು ಅನುಮತಿ ಸಿಗಬಹುದೇ ಎಂದು ಕೇಳಿದೆ. ಅಯ್ಯನವರು ಆ ಕಡೆಯಿಂದ ಕಿರುಚಿದರು.

“ಇನ್ನೂ ತೋರಿಸಿಲ್ಲೇನ್ರಿ? ನಾ ಬಿ‌ದ್ದ ಮರುದಿನಾನ ಮತ್ತೊಬ್ರ ಕಡೆ ಮಾಡಿಸ್ರಿ ಅಂತ ನಿಮ್ಮ ಮನಿಯವರಿಗೆ ಹೇಳಿದ್ನೆಲ್ಲ! ಮುರಗೆಪ್ಪನವರ, ನಾ ಹೇಳಿದ್ದು ಒಂದ ಮಾತು, ನೀವು ಬರಕೊಂಡದ್ದು ಹತ್ತು!”

ಕಸ್ತೂರೆವ್ವನ ಕಡೆ ನೋಡಿದೆ. “ನಾ ಹೇಳಿದ್ದು ಎಂದ ಕೇಳೀರಿ?” ಎಂದಳು ಅವಳು, ಆಗಲೇ ಕೂಸಿಗೆ ಕುಂಚಿಗೆ ಕಟ್ಟುತ್ತ. ಎಳ್ಳೆಣ್ಣೆ ಮನೆಯಲ್ಲಿ ಇರಲಿಲ್ಲ. ಒಗ್ಗರಣೆಯ ಶೇಂಗಾ ಎಣ್ಣೆಯನ್ನೇ ಡಬ್ಬಿಗೆ ಸುರುವಿ, ದೇವರ ಜಗುಲಿಯಿಂದ ಕಂಚಿನ ಬಟ್ಟಲು ಎತ್ತಿಕೊಂಡು ಬೀದಿಗೆ ಬಂದೆ. ಅಣ್ಣಾಸಾಬರು ದ್ರಾಕ್ಷಿ ಸಾಗಿಸುವ ಪಿಕಪ್ ತೊಳೆಯುತ್ತಿದ್ದರು. ಮುಂದೆ ಬಾಣಂತಿ ಮತ್ತು ಕೂಸು, ಹಿಂದೆ ಖಾಲಿ ಕ್ರೇಟುಗಳ ನಡುವೆ ನಾನು ಮತ್ತು ಕಸ್ತೂರೆವ್ವ. ಅಣ್ಣಾಸಾಬರು ದಾರಿಯುದ್ದಕ್ಕೂ ಹಾರ್ನ್ ಹೊಡೆದರು. ನಾನು ಅದರ ಸಂಖ್ಯೆ ಬರೆದಿಡಲಿಲ್ಲ.

ಸ್ಟೇಷನ್ನಿಗೆ ಹೋದ ಮೇಲೆ ನಾನು ಪ್ಲಾಟ್‌ಫಾರ್ಮ್ ಟಿಕೆಟಿನ ಸರದಿಯಲ್ಲಿ ನಿಂತೆ. “ಗಾಡಿ ಹೋಗತೈತ್ರೀ!” ಎಂದು ಕಸ್ತೂರೆವ್ವ ಚೀರಿದಳು. ಹೋದರೆ ಹೋಗಲಿ, ಟಿಕೆಟಿಲ್ಲದೆ ಒಳಗೆ ಕಾಲಿಡುವ ವಂಶ ನಮ್ಮದಲ್ಲ. ಮೂರು ಟಿಕೆಟು ತೆಗೆಸಿಕೊಂಡೇ ಓಡಿದೆ.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ಇಂಜಿನ್ ನಿಂತಿತ್ತು. ಕೆಳಗೆ ಸಿದ್ದಲಿಂಗ, ಅವನ ಪಕ್ಕ, ಗ್ರಹಚಾರ, ಅದೇ ಇನ್ಸ್‌ಪೆಕ್ಟರ್ ಸಾಹೇಬರು. “ಬರ್ರಿ ಅರ್ಜಿದಾರ್ರ,” ಎಂದರು ಅವರು. “ಇವತ್ತ ಇವ್ರ ಸಂಗಾಟ ನಾನೂ ಬಂದೀನಿ, ಹಾರ್ನ್ ಹೆಂಗ ಹಾಕ್ತಾರ ನೋಡಾಕ.” ಆಮೇಲೆ ಕೂಸನ್ನೂ ನನ್ನ ಕೈಯ ಬಟ್ಟಲನ್ನೂ ನೋಡಿದರು. “ಸಿಗ್ನಲ್ ಇನ್ನೂ ಕೆಂಪ ಐತಿ. ನಾ ಸಿಗ್ನಲ್ ನೋಡ್ಕೋತ ನಿಂದರ್ತೀನ್ರಿ,” ಎಂದು ಬೆನ್ನು ತಿರುಗಿಸಿ ನಿಂತರು.

ಸಿದ್ದಲಿಂಗ ಪ್ರಾಜಕ್ತಾಳನ್ನು ದೂರದಲ್ಲಿ ಕಂಡ ಕೂಡಲೇ, ಯಾರೂ ಹೇಳದೆಯೇ, ಮುಖವನ್ನು ಇಂಜಿನ್ನಿನ ಕಡೆ ತಿರುಗಿಸಿಕೊಂಡಿದ್ದ. ನನ್ನ ಆದೇಶವನ್ನು ಅವನು ಆ ಹೊತ್ತಿನಲ್ಲೂ ಪಾಲಿಸುತ್ತಿದ್ದ. ನಾನು ಸುತ್ತು ಹಾಕಿ ಅವನ ಎದುರಿಗೆ ಹೋಗಿ, ಬಟ್ಟಲಿಗೆ ಎಣ್ಣೆ ಸುರುವಿ ಎರಡೂ ಕೈಯಲ್ಲಿ ಹಿಡಿದೆ. ಪ್ರಾಜಕ್ತಾ ಅವನ ಬೆನ್ನ ಹಿಂದೆ ನಿಂತು ಕೂಸನ್ನು ಅವನ ಹೆಗಲ ಮೇಲಿಂದ ಮುಂದಕ್ಕೆ ಹಿಡಿದಳು.

“ಎಣ್ಣ್ಯಾಗ ನೋಡ್ರಿ, ಅಳಿಯಂದ್ರ. ನೇರ ನೋಡೂದು ಶಾಂತಿ ದಿನಾ,” ಎಂದೆ.

ಅವನು ಬಗ್ಗಿದ. ಅಷ್ಟರಲ್ಲಿ ಎಕ್ಸ್‌ಪ್ರೆಸ್ ಬಂತು. ನೆಲ ಗಡಗಡ ನಡುಗಿತು, ಎಣ್ಣೆ ಅಲೆಯಾಯಿತು, ಮುಖ ಚೂರುಚೂರಾಯಿತು. ಡಬ್ಬಿಗಳ ಮೇಲೆ ಡಬ್ಬಿ, ಮುಗಿಯುವುದೇ ಇಲ್ಲ. ಕೊನೆಗೆ ಗಾಡಿ ಹೋಯಿತು, ಧೂಳು ಕೂತಿತು. ಆದರೂ ಎಣ್ಣೆ ಅಲುಗುತ್ತಲೇ ಇತ್ತು. ಯಾಕೆ ಎಂದು ನೋಡಿದರೆ ನಡುಗುತ್ತಿದ್ದುದು ನನ್ನ ಕೈ.

ಸಿದ್ದಲಿಂಗ ತನ್ನ ಎರಡೂ ಕೈಯನ್ನು ನನ್ನ ಕೈಯ ಕೆಳಗೆ ಇಟ್ಟ. ಎಣ್ಣೆ ನಿಂತಿತು. ಅದರಲ್ಲಿ ಒಂದು ಸಣ್ಣ ಹಳದಿ ಮುಖ, ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿತ್ತು. ಅವನು ನೋಡಿದ. ಬಹಳ ಹೊತ್ತು ನೋಡಿದ. ಅವನ ಮೀಸೆ ಅದುರುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದೆ, ಮತ್ತು ನನಗೆ ದವಾಖಾನೆಯ ಬಾಗಿಲು, ಆ ಪೇಢೆಯ ಡಬ್ಬಿ ನೆನಪಾಗಿ ಅಳು ಬಂತು.

“ಮೂಗ ನಿಮ್ಮದಾಗೇತ್ರಿ, ಮಾಮಾರ,” ಎಂದ ಅವನು.

ದವಾಖಾನೆಯ ಬಾಗಿಲಲ್ಲಿ ಕೇಳಿದ ಪ್ರಶ್ನೆಗಳನ್ನು ಬಿಟ್ಟರೆ, ಮದುವೆಯಾದ ಮೇಲೆ ಅವನು ನನಗೆ ಹೇಳಿದ, ‘ಸಾಕ್ರಿ’ ಇಲ್ಲದ ಮೊದಲ ಮಾತು ಅದು.

“ಹಳದಿ ಆತ್ರಿ,” ಎಂದು ಸಾಹೇಬರು ಸಿಗ್ನಲ್ ನೋಡುತ್ತಲೇ ಕೂಗಿದರು. ಸಿದ್ದಲಿಂಗ ಹಿಂದೆ ತಿರುಗದೆ, ಎದುರಿಗಿದ್ದ ನಿಚ್ಚಣಿಕೆ ಹತ್ತಿ ಇಂಜಿನ್ ಒಳಗೆ ಹೋದ. ಕಿಟಕಿಯಲ್ಲಿ ಅವನ ತೋಳು ಕಾಣುತ್ತಿತ್ತು. ಹೊರಡುವ ಮುಂಚೆ ಹಾರ್ನ್ ಹಾಕಬೇಕು, ಅದು ನಿಯಮ. ಆದರೂ ಅವನ ಕೈ ತಡೆಯಿತು. ಇಣುಕಿ, ಕೂಸಿನ ಕಡೆ ಅಲ್ಲ, ನನ್ನ ಕಡೆ ನೋಡಿದ. ನಲವತ್ತೊಂದು ಸಹಿಯ ಅರ್ಜಿದಾರ ನಾನು, ಎಣ್ಣೆಯ ಬಟ್ಟಲು ಹಿಡಿದು ಕೆಳಗೆ ನಿಂತಿದ್ದೆ.

“ಹಾಕ್ರಿ!” ಎಂದು ಕೂಗಿದೆ.

ಹಾಕಿದ. ನಿಯಮದಲ್ಲಿ ಇದ್ದಷ್ಟೇ, ಒಂದೂ ಹೆಚ್ಚಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಮಲಗಿದ್ದ ನಾಯಿ ಎದ್ದು ಓಡಿತು, ಕಸ್ತೂರೆವ್ವ ಕಿವಿ ಮುಚ್ಚಿಕೊಂಡಳು. ಅಡುಗೆಮನೆಯಲ್ಲಿ ಒಂದು ಚಮಚ ಬಿದ್ದರೂ ಬೆಚ್ಚಿ ಅಳುವ ನಮ್ಮ ಕೂಸು ಅಳಲಿಲ್ಲ. ಕಣ್ಣು ಬಿಟ್ಟಿತು. ಕುಂಚಿಗೆಯೊಳಗಿನ ಆ ಅಂಗೈಯಷ್ಟು ಮುಖವನ್ನು ನಿಧಾನವಾಗಿ ಇಂಜಿನ್ನಿನ ಕಡೆ ಹೊರಳಿಸಿತು. ಸಿದ್ದಲಿಂಗ ಅಷ್ಟರಲ್ಲಿ ಸಿಗ್ನಲ್ಲಿನ ಮೇಲೆ ಕಣ್ಣಿಟ್ಟು ಗಾಡಿ ಎಳೆಯುತ್ತಿದ್ದ. ಅವನಿಗೆ ಅದು ಕಾಣಲಿಲ್ಲ.

ಮನೆಗೆ ಬಂದು ‘ತೊಂದರೆ ನಿವಾರಣೆಯಾಗಿದೆ’ ಎಂದು ಒಂದೇ ಸಾಲಿನ ಕಾಗದ ಬರೆದೆ. ನನ್ನ ಜೀವಮಾನದ ಅತಿ ಗಿಡ್ಡ ಅರ್ಜಿ ಅದು. ಕೂಸು ಹೊರಳಿ ನೋಡಿದ್ದನ್ನು ಶಾಂತಿಯ ದಿನ ಅಳಿಯನಿಗೆ ಹೇಳೋಣ, ಇನ್ನು ಐದು ದಿನ ತಾನೆ ಎಂದುಕೊಂಡೆ. ತಡೆಯಲಾಗಲಿಲ್ಲ. ಅವನು ಹುಬ್ಬಳ್ಳಿಗೆ ಹೋಗಿ ಡ್ಯೂಟಿ ಇಳಿದ ಎಂದು ಪ್ರಾಜಕ್ತಾ ಹೇಳಿದ ಕೂಡಲೆ ಫೋನ್ ಹಚ್ಚಿದೆ. ಅಲ್ಲಿಯವರೆಗೆ ನಾನಾಗಿ ಅಳಿಯನಿಗೆ ಫೋನ್ ಮಾಡಿದವನೇ ಅಲ್ಲ.

“ಹೇಳ್ರಿ ಮಾಮಾರ,” ಎಂದ, ಗಾಬರಿಯಿಂದ. “ಮತ್ತೇನರ ತಪ್ಪಾತೇನ್ರಿ?”

“ಇಲ್ಲೋ ಸಿದ್ದೂ,” ಎಂದೆ. ಅಳಿಯಂದ್ರ ಎನ್ನುವುದು ಬಾಯಿಗೆ ಬರಲೇ ಇಲ್ಲ. “ನೀ ಹಾರ್ನ್ ಹಾಕಿದೆಲ್ಲ, ಆಗ ಆಕಿ ಕಣ್ಣ ಬಿಟ್ಟ ನಿನ್ನ ಕಡೆ ಹೊಳ್ಳಿ ನೋಡಿದ್ಳು. ನೀ ಸಿಗ್ನಲ್ ನೋಡಾಕತ್ತಿದ್ದಿ. ನಾ ನೋಡೀನಿ.”

ಆ ಕಡೆ ಬ್ಯಾಗು ನೆಲಕ್ಕೆ ಇಟ್ಟ ಸಪ್ಪಳ ಕೇಳಿತು.

“ಖರೇನ, ಮಾಮಾರ?”

“ಖರೇ ಅಂದ್ರ ಖರೇ,” ಎಂದೆ. “ಬೇಕಾದ್ರ ಬರದ ಕೊಡ್ತೀನಿ.”